ಹುಣಸೆಹಣ್ಣಿನಲ್ಲಿ ತಿಕ್ಕಿದ ಬಿರಡೆ

ಅಥವಾ ಆ ದಿನ ಮಾವ ನನ್ನ ಜೊತೆ ಇರಲೇ ಇಲ್ಲವೇನೋ. ದೋಣಿಯನ್ನು ಮೊದಲ ಸಲ ನೋಡಿದ್ದು ನಾವಿಬ್ಬರೂ ಒಟ್ಟಿಗೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಸಿಡ್ನಿಯ ಹೊರವಲಯದ ಮಾರ್ಸ್ಡನ್ ಪಾರ್ಕ್‌ನಲ್ಲಿ ಆಗ ಈಗಿನ ಹಾಗೆ ಹೊಸ ಮನೆಗಳ ಸಾಲು ಇರಲಿಲ್ಲ. ಮೊಣಕಾಲೆತ್ತರದ ಹುಲ್ಲಿನ ನಡುವೆ ಟ್ರೈಲರ್ ಮೇಲೆ ದೋಣಿ ನಿಂತಿತ್ತು. ಮಾವ ಅದರ ಪಕ್ಕೆಯನ್ನು ಎಮ್ಮೆಯ ಪಕ್ಕೆ ತಟ್ಟುವ ಹಾಗೆ ತಟ್ಟಿ, ಕಿವಿಗೊಟ್ಟು ಕೇಳಿದರು. ಚಂದದ ಚಿತ್ರ. ಆದರೆ ದೋಣಿ ಮನೆಗೆ ಬಂದು ಎರಡು ವಾರದ ಮೇಲೆ ತನ್ನ ಅಪ್ಪ ಸಿಡ್ನಿಗೆ ಬಂದಿಳಿದದ್ದು ಎನ್ನುತ್ತಾಳೆ ಹೆಂಡತಿ. ಅವಳ ಹತ್ತಿರ ಟಿಕೆಟ್ಟಿನ ಪ್ರತಿ ಇದೆ. ಹಾಗಾದರೆ ತಟ್ಟಿದ್ದು ಯಾರು? ದೋಣಿ ಮಾರಿದ ಮುದುಕನೇ ಇರಬೇಕು. ಅವನ ಕೈಯನ್ನು ಅಳಿಸಿ ಅಲ್ಲಿ ಮಾವನ ಕೈ ಬರೆದವನು ನಾನೇ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೂ ಇದು ಯಾರ ಕೈ ಏನು ಮಾಡಿತು ಎಂಬ ಜಗಳವೇ.

ಖಚಿತವಾಗಿ ಗೊತ್ತಿರುವುದು ಇಷ್ಟು. ಎರಡು ಸಾವಿರದ ದಶಕದ ನಡುಭಾಗ. ಹ್ಯಾರಿಸ್ ಪಾರ್ಕ್‌ನಲ್ಲಿ, ಹಿಂದೆ ತಗಡಿನ ಗ್ಯಾರೇಜ್ ಇದ್ದ ಒಂದು ಹಳೆಯ ಮನೆಯಲ್ಲಿ ನಾವು ರೆಂಟಿಗಿದ್ದೆವು. ಹದಿನಾರು ಅಡಿಯ ಫೈಬರ್ ದೋಣಿ, ವಯಸ್ಸಿನಲ್ಲಿ ನನಗಿಂತ ಹಿರಿಯದು. ಏಕೆ ಕೊಂಡೆ? ಇಲ್ಲೇ ಕಾಯಂ ನೆಲೆಸಲು ಪಿಆರ್ ಬಂದ ಖುಷಿಗೆ ಎಂದು ಗೆಳೆಯರಿಗೆ ಹೇಳಿದ್ದೆ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ದೋಣಿ, ಮೀನು ಎಂದು ಮಾತಾಡುವಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ, ಅದೂ ಇರಬಹುದು. ದಾವಣಗೆರೆಯಲ್ಲಿ ಬೆಳೆದ ನನಗೆ ಈಜು ಬರುವುದಿಲ್ಲ.

ಮಾವ ಬಂದಮೇಲೆ ಈ ಕಾರಣಗಳೆಲ್ಲ ಬಿದ್ದುಹೋದವು. ಅವರು ಹೊಸಪೇಟೆಯವರು. ಅಣೆಕಟ್ಟಿನ ಹಿನ್ನೀರಿನಲ್ಲಿ ಸರ್ಕಾರಿ ಲಾಂಚ್ ನಡೆಸುತ್ತಿದ್ದವರು. ನಿವೃತ್ತಿಗೆ ಮೂರು ವರ್ಷ ಇರುವಾಗ, ಮಗಳ ಮದುವೆಗೆಂದು ರಜೆ ಹಾಕಿದ ವಾರದಲ್ಲೇ, ಆ ಲಾಂಚನ್ನು ದಡಕ್ಕೆಳೆದು ಗುಜರಿಗೆ ಕೊಟ್ಟರಂತೆ. ಉಳಿದ ಮೂರು ವರ್ಷ ಅವರು ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಿಕೊಟ್ಟರು. ಆ ಮದುವೆ ನಮ್ಮದು. ನಾನು ತಾಳಿ ಕಟ್ಟುತ್ತಿದ್ದ ಹೊತ್ತಿಗೆ ಅಲ್ಲಿ ಗ್ಯಾಸ್ ಕಟರ್ ಆಡುತ್ತಿತ್ತು. ಒಂದೇ ದಿನ, ಒಂದೇ ಹೊತ್ತು ಎಂದು ಯಾರೂ ಹೇಳಿಲ್ಲ. ನನ್ನ ತಲೆ ಹಾಗೆ ಜೋಡಿಸಿಕೊಂಡಿದೆ.

ಗ್ಯಾರೇಜಿನಲ್ಲಿ ದೋಣಿ ನೋಡಿದವರೇ ಹೇಳಿದರು:

‘ಅಳಿಯಂದ್ರೇ, ನಾ ಊರಿಗೆ ಹೋಗೂದ್ರೊಳಗ ಇದನ್ನ ನೀರಿಗೆ ಇಳಸ್ರಿ. ಒಂದ ಸಲ ನಾನ ಸ್ಟೇರಿಂಗ್ ಹಿಡೀತೀನಿ. ಆ ದಂಡಿಗೆ ಹೋಗಿ ಈ ದಂಡಿಗೆ ಬರೂದು. ಅಷ್ಟ ಸಾಕು. ಅಲ್ಲಿ ಕಡೀ ಸಲ ಅಂತ ಗೊತ್ತಿಲ್ದ ಇಳಿದು ಬಂದೀನಿ.’

ಅವರ ವಾಪಸ್ ಟಿಕೆಟ್ ವಿಜಯದಶಮಿ ಕಳೆದು ಎರಡನೇ ದಿನಕ್ಕಿತ್ತು. ಮೂರು ತಿಂಗಳು. ಸಾಕಷ್ಟಾಯಿತು ಎಂದುಕೊಂಡೆ.

ಆದರೆ ಆ ಚಳಿಗಾಲವಿಡೀ ಕಂಪನಿ ನನ್ನನ್ನು ಮೆಲ್ಬರ್ನ್‌ಗೆ ಹಾಕಿತ್ತು. ಸೋಮವಾರ ಬೆಳಿಗ್ಗೆ ವಿಮಾನ ಹತ್ತಿದರೆ ವಾಪಸ್ ಬರುವುದು ಶುಕ್ರವಾರ ಸಂಜೆ. ಅಲ್ಲಿ ಡ್ಯಾಂಡಿನಾಂಗ್‌ನಲ್ಲಿ ಒಂದು ಬಾಡಿಗೆ ಕೋಣೆ, ಸಿಟಿಗೆ ಒಂದು ಗಂಟೆಯ ಟ್ರೈನು. ಟ್ರೈನಿನಲ್ಲಿ ಕೂತು ದೋಣಿ ರಿಪೇರಿಯ ಪ್ರಿಂಟೌಟ್‌ಗಳನ್ನು ಓದುತ್ತಿದ್ದೆ, ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತಿದ್ದೆ. ಶನಿವಾರ ಬಂದು ಗೆರೆ ಹಾಕಿದ ಪ್ರಕಾರ ಕೆಲಸ ಮಾಡುತ್ತಿದ್ದೆ. ಸೋಮವಾರದಿಂದ ಶುಕ್ರವಾರದವರೆಗೆ ಮಾವ ಅದನ್ನು ಕೆಡಿಸುತ್ತಿದ್ದರು.

ಕೆಡಿಸುತ್ತಿದ್ದರು ಎಂಬುದು ಆಗಿನ ನನ್ನ ಮಾತು. ಈಗ ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಅದೇ ಇರಲಿ.

ತಳದ ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕಿನಂತೆ ಕೈಗೆ ಬಂತು. ಇಂಜಿನ್ ನೇತುಹಾಕುವ ಹಿಂದಿನ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಇಳಿಯುತ್ತಿತ್ತು. ಎಲ್ಲ ಕಿತ್ತು, ಹೊಸ ಹಲಗೆ ಕೊಯ್ದು ಕೂರಿಸಿ, ಮೇಲೆ ಗಾಜಿನ ಎಳೆಯ ಬಟ್ಟೆ ಹಾಸಿ ರೆಸಿನ್ ಎಂಬ ಅಂಟು ಹಚ್ಚಬೇಕು. ಚಳಿಗೆ ಅಂಟು ಗಟ್ಟಿಯಾಗುತ್ತಿರಲಿಲ್ಲ. ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಕೂತೆ, ಅದು ಸುಟ್ಟುಹೋಯಿತು. ಉಜ್ಜಿದ ಗಾಜಿನ ಪುಡಿ ಮೈಗೆ ಹತ್ತಿ, ಮೆಲ್ಬರ್ನ್‌ನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಕೈ ಕೆರೆದುಕೊಳ್ಳುತ್ತಿದ್ದೆ.

ಸಂಜೆ ಫೋನ್ ಮಾಡುತ್ತಿದ್ದೆ.

‘ಏನ್ ಮಾಡಿದ್ರಿ ಮಾವ ಇವತ್ತು?’

‘ಏನಿಲ್ಲ. ಬಿಸಲಿಗೆ ಕುಂತಿದ್ದೆ.’

ಶನಿವಾರ ಬಂದು ನೋಡಿದರೆ ನಾನು ಹಚ್ಚಿದ ಪದರವೆಲ್ಲ ನೆಲದ ಮೇಲೆ ಸಿಪ್ಪೆ ಸಿಪ್ಪೆಯಾಗಿ ಬಿದ್ದಿರುತ್ತಿತ್ತು.

‘ಅದು ಕೂತಿರ್ಲಿಲ್ರೀ. ಉಗುರಿಲೆ ಕೆರದ್ರ ಬರ್ತಿತ್ತು.’

‘ನಾಲ್ಕು ದಿನ ಮುಟ್ಬೇಡಿ ಅಂತ ಡಬ್ಬಿ ಮೇಲೆ ಬರ್ದಿದಾರೆ ಮಾವ.’

‘ಡಬ್ಬಿ ನೀರಿಗೆ ಇಳಿಯೂದಿಲ್ಲ.’

ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕೇಳಿ ನಕ್ಕಳು. ಅವಳು ಯಾರ ಕಡೆ ಎಂದು ಆ ಮೂರು ತಿಂಗಳು ನನಗೆ ತಿಳಿಯಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಹಾಡಿಕೊಳ್ಳುತ್ತಿದ್ದಾರೆ, ಅದನ್ನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ ಎಂದು ಒಮ್ಮೆ ಹೇಳಿದಳು. ನಾನು ಸಿಪ್ಪೆ ಗುಡಿಸುತ್ತಿದ್ದೆ.

ಇಂಜಿನ್ ಇನ್ನೂ ಕಷ್ಟ. ಹಗ್ಗ ಎಳೆದು ಹೊರಡಿಸುವ ಪೆಟ್ರೋಲ್ ಇಂಜಿನ್. ಮಾವನಿಗೆ ಗೊತ್ತಿದ್ದದ್ದು ಡೀಸೆಲ್ಲು. ‘ಇದು ಇಂಜಿನ್ನೋ, ಹೊಲಿಗೀ ಮಷೀನೋ?’ ಎನ್ನುತ್ತಲೇ ಬಿಚ್ಚಿದರು. ಒಳಗೆ ತಂಪಿಗೆ ನೀರೆಳೆಯುವ ಒಂದು ರಬ್ಬರ್ ಚಕ್ರ ಹರಿದಿತ್ತು. ಡ್ಯಾಂಡಿನಾಂಗ್‌ನ ಗೋದಾಮುಗಳ ಹಿಂದೆ ಹಳೆಯ ಇಂಜಿನ್ ಬಿಚ್ಚಿ ಮಾರುವ ಒಂದು ಅಂಗಡಿ ಹುಡುಕಿ, ಮೂರು ಸಂಜೆ ಅಲೆದು, ಅಂಥದೇ ಚಕ್ರ ಕೊಂಡು ಕೋಟಿನ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದೆ. ಬಂದು ನೋಡಿದರೆ ಇಂಜಿನ್ ಒಂದು ನೀರಿನ ಡ್ರಮ್ಮಿನಲ್ಲಿ ಓಡುತ್ತಿದೆ. ಮಾವ ತಮ್ಮ ಹವಾಯಿ ಚಪ್ಪಲಿಯ ಅಟ್ಟೆ ಕೊರೆದು ಚಕ್ರ ಮಾಡಿ ಹಾಕಿದ್ದರು. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ನೋಡಿ ನಕ್ಕರು.

ನಾನು ನಗಲಿಲ್ಲ. ಅದನ್ನು ಕಿತ್ತು, ಜೇಬಿನದನ್ನು ಹಾಕಿದೆ. ಕಿರುಚಿದೆ ಎಂದೂ ನೆನಪು. ಕಿರುಚಲಿಲ್ಲ ಎಂದು ಬರೆಯಲು ಮನಸ್ಸಿದೆ.

ಮಂಡ್ಯದ ಗೆಳೆಯನೊಬ್ಬನಿದ್ದ. ಟ್ರೈಲರ್ ಎಳೆಯುವಂಥ ಗಾಡಿ ಇದ್ದದ್ದು ನಮ್ಮಲ್ಲಿ ಅವನೊಬ್ಬನಿಗೇ. ಪ್ರತಿ ಭಾನುವಾರ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಲ್ಲುತ್ತಿದ್ದ.

‘ಏನ್ ಗುರು, ಹಡಗು ಹೊರಡದು ಯಾವಾಗ? ಪಾಸ್‌ಪೋರ್ಟ್ ತರ್ಬೇಕಾ, ವೋಟರ್ ಐಡಿ ಸಾಕಾ?’

‘ನಿಮ್ ಸ್ನೇಹಿತ್ರನ್ನ ಕೇಳಪಾ’ ಎಂದರು ಮಾವ. ‘ಅವರು ಇನ್ನೂ ಓದಾಕತ್ತಾರ.’

‘ಅಂಕಲ್, ಸ್ಲೋ ಆಗಿ ಹೋದ್ರೆ ಲೈಸೆನ್ಸ್ ಬೇಡ. ನಾನು ಚೆಕ್ ಮಾಡಿದೀನಿ. ಸ್ಪೀಡ್ ಹೋದ್ರೆ ಮಾತ್ರ ಪ್ರಾಬ್ಲಮ್ಮು.’

‘ನಮ್ ಲಾಂಚ್ ಎಂದೂ ಸ್ಪೀಡ್ ಹೋಗಿಲ್ಲ. ಮಂತ್ರಿ ಕುಂತ್ರೂ ಹೋಗಿಲ್ಲ.’

ಹೀಗೆ ಆಯುಧಪೂಜೆ ಬಂತು. ಹಿಂದಿನ ವಾರದ ಹೊತ್ತಿಗೆ ದೋಣಿ ಸಿದ್ಧವಾಗಿತ್ತು, ಅಥವಾ ಇನ್ನು ಮುಟ್ಟಬಾರದು ಎಂದು ನಾವಿಬ್ಬರೂ ಸುಸ್ತಾಗಿ ಒಪ್ಪಿಕೊಂಡಿದ್ದೆವು. ನಾನು ರಜೆ ಹಾಕಿ ಬಂದಿದ್ದೆ. ಆ ಮಧ್ಯಾಹ್ನ ಪ್ರಿಂಟೌಟ್ ಹಿಡಿದು ದೋಣಿಯನ್ನು ಮೂತಿಯಿಂದ ಬಾಲದವರೆಗೆ ಒಂದು ಸಲ ಪರೀಕ್ಷಿಸಬೇಕು ಎಂಬುದು ನನ್ನ ಯೋಜನೆ.

ಬೆಳಿಗ್ಗೆ ಪೂಜೆ. ದೀಪದ ಕಂಬ, ಆರತಿ ತಟ್ಟೆ, ಗಂಟೆ ಎಲ್ಲ ಹಿತ್ತಾಳೆಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾಯಿತು. ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದಾಯಿತು. ಹ್ಯಾರಿಸ್ ಪಾರ್ಕ್‌ನ ಅಂಗಡಿಯಿಂದ ತಂದ ಸೇವಂತಿಗೆ, ಕುಂಕುಮ ಹಚ್ಚಿದ ಬೂದುಗುಂಬಳದ ಹೋಳು, ಟ್ರೈಲರಿನ ಗಾಲಿಗೆ ನಿಂಬೆಹಣ್ಣು. ಆ ಹಲಗೆಯ ಮೇಲೆ, ದೊಡ್ಡ ಸ್ಪ್ಯಾನರಿನ ಪಕ್ಕದಲ್ಲಿ, ಹೆಬ್ಬೆರಳ ಗಾತ್ರದ ಒಂದು ಹಿತ್ತಾಳೆಯ ಬಿರಡೆ. ದೋಣಿಯ ಹಿಂಭಾಗದಲ್ಲಿ ತಳಕ್ಕೆ ತಾಗಿದಂತೆ ಒಂದು ತೂತು ಇರುತ್ತದೆ, ದಡದಲ್ಲಿ ನಿಂತಾಗ ಒಳಗೆ ಬಿದ್ದ ಮಳೆನೀರು ಹರಿದುಹೋಗಲು. ನೀರಿಗೆ ಇಳಿಸುವ ಮೊದಲು ಅದಕ್ಕೆ ತಿರುಪಿ ಹಾಕುವ ಬಿರಡೆ ಅದು. ಹಿತ್ತಾಳೆ ಆದದ್ದರಿಂದ ಅದೂ ಬಿಚ್ಚಿಕೊಂಡು ಬಂದು, ಹುಣಸೆಹಣ್ಣು ಕಂಡು, ಗಂಟೆಗಿಂತ ಹೆಚ್ಚು ಹೊಳೆಯುತ್ತಿತ್ತು. ಅದಕ್ಕೂ ಒಂದು ಬೊಟ್ಟು ಕುಂಕುಮ.

ಮಧ್ಯಾಹ್ನ ಪ್ರಿಂಟೌಟ್ ಹಿಡಿದು ಗ್ಯಾರೇಜಿಗೆ ಹೋದೆ. ಮಾವ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು.

‘ಪೂಜಾ ಆದ ಮ್ಯಾಲೆ ಮುಟ್ಟಬಾರದ್ರೀ. ಇವತ್ತು ಅವಕ್ಕ ರಜಾ.’

‘ಬರೀ ನೋಡ್ತೀನಿ ಮಾವ.’

‘ನಿಮ್ದು ಬರೀ ನೋಡೂದು ಅಂದ್ರ ನಾಕು ಬೋಲ್ಟು ಬಿಚ್ಚೂದು.’

ಹೆಂಡತಿಯನ್ನು ಕರೆದೆ. ‘ಒಂದು ದಿನ ಬಿಡ್ರೀ’ ಎಂದಳು.

ಮರುದಿನ ಬೆಳಿಗ್ಗೆ ಆಯುಧಗಳಿಗೆ ಮತ್ತೆ ಸಣ್ಣ ಪೂಜೆ ಮಾಡಿ ಕದಲಿಸಿದ ಮೇಲೇ ಎತ್ತಿಕೊಳ್ಳುವುದು ಅವರ ಮನೆಯ ಪದ್ಧತಿ. ಆ ಪೂಜೆ ಮಾಡಬೇಕಾದ ಹೆಂಡತಿಯ ಸ್ನಾನ ಆಗಿರಲಿಲ್ಲ. ಗೆಳೆಯ ಗಾಡಿ ತಂದು ಹಾರ್ನ್ ಹೊಡೆಯುತ್ತಿದ್ದ. ಮಾವ ಟ್ರೈಲರಿನ ಮುಂದೆ ಒಂದು ತೆಂಗಿನಕಾಯಿ ಒಡೆದು ದೋಣಿಯನ್ನು ಮಾತ್ರ ಕದಲಿಸಿದರು. ಸ್ಪ್ಯಾನರು?

‘ಅವು ಇಲ್ಲೇ ಇರ್ಲಿ. ಅವನ್ನ ಕಂಡ್ರ ಇಂಜಿನ್ನಿಗೆ ರಿಪೇರಿ ನೆನಪಾಗ್ತದ.’

ಆಗ ನಾನು ನಕ್ಕೆ. ಮೂರು ತಿಂಗಳಲ್ಲಿ ಅವರ ಮಾತಿಗೆ ನಾನು ನಕ್ಕದ್ದು ಅದೊಂದೇ ಸಲ ಇರಬೇಕು. ಹಲಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ನದಿ ದಡದ, ಜಾರುಬಂಡೆಯಂಥ ಸಿಮೆಂಟು ಇಳಿಜಾರಿನಲ್ಲಿ ಗೆಳೆಯ ಗಾಡಿಯನ್ನು ಹಿಂದಕ್ಕೆ ಬಿಟ್ಟ. ದೋಣಿ ತೇಲಿತು. ಇಂಜಿನ್ ಎರಡನೇ ಎಳೆತಕ್ಕೆ ಹಿಡಿಯಿತು. ಮಂಕಿ ಕ್ಯಾಪು, ಅದರ ಕೆಳಗೆ ಲೈಫ್ ಜಾಕೆಟ್ಟು, ಮಾವ ಸ್ಟೇರಿಂಗಿನ ಮುಂದೆ ಕೂತರು. ನಾನು ಪಕ್ಕದಲ್ಲಿ. ಅವರು ಚಕ್ರವನ್ನು ಬಿಗಿಯಾಗಿ ಹಿಡಿಯಲಿಲ್ಲ, ಎರಡು ಬೆರಳು ಇಟ್ಟರು ಅಷ್ಟೆ. ದೋಣಿ ನದಿಯ ನಡುವಿನ ಕಡೆ ತಿರುಗಿತು. ಇಪ್ಪತ್ತು ಮಾರು ಹೋಗಿದ್ದೆವೋ, ಮೂವತ್ತೋ.

ಕಾಲ ಹತ್ತಿರ ಸೇವಂತಿಗೆಯ ಎಸಳುಗಳು ತೇಲಿಬಂದವು.

‘ನೀರು’ ಎಂದರು ಮಾವ.

‘ಹೊರಗಡೆಯಿಂದ ಸಿಡಿದಿರೋದು.’

‘ಅಲ್ಲ. ನಿಮ್ ಅಂಟು ಬಿಟ್ಟೈತಿ.’

‘ನೀವು ಕೆರೆದಿದ್ದಕ್ಕೇ ಬಿಟ್ಟಿರೋದು! ವಾರ ವಾರ ಕೆರೆದ್ರಲ್ಲ!’

ದಡದಿಂದ ಗೆಳೆಯ ಕೂಗುತ್ತಿದ್ದ: ‘ಏಯ್, ಹಿಂದ್ಗಡೆ ಮುಳುಗ್ತಾ ಐತೆ ಕಣ್ರೋ! ಜಗಳ ಆಮೇಲಾಡಿ, ವಾಪಸ್ ಬನ್ರೋ!’

ಹಿಂಭಾಗ ತಗ್ಗಿ ಇಂಜಿನ್ ನೀರು ಕುಡಿದು ನಿಂತಿತು. ಈಜು ಬಾರದ ನಾನು ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಮೀನು ಹಿಡಿಯಲು ಹೊರಟಿದ್ದ ಒಬ್ಬಾತ ತನ್ನ ದೋಣಿಯಿಂದ ಹಗ್ಗ ಎಸೆದು ನಮ್ಮನ್ನು ದಡಕ್ಕೆಳೆದ. ಟ್ರೈಲರಿಗೆ ಏರಿಸಿದಾಗ ಹಿಂದಿನ ತೂತಿನಿಂದ ನೀರು ಹೆಬ್ಬೆರಳು ದಪ್ಪಕ್ಕೆ ಧುಮುಕಿತು. ಆತ ಅದನ್ನು ನೋಡಿದ, ನಮ್ಮ ಹಾರ ಹಾಕಿದ ದೋಣಿಯನ್ನು ನೋಡಿದ, ‘ನೋ ಬಂಗ್, ಮೇಟ್?’ ಎಂದ. ಬಿರಡೆ ಹಾಕಲಿಲ್ಲವೇ ಎಂದು. ದನಿಯಲ್ಲಿ ಕುಹಕವಿರಲಿಲ್ಲ.

ಮನೆಗೆ ಫೋನ್ ಮಾಡಿದೆ. ಹೆಂಡತಿ ಗ್ಯಾರೇಜಿಗೆ ಹೋಗಿ ನೋಡಿ ಬಂದಳು. ‘ಹಲಗೆ ಮೇಲೇ ಇದೆ. ಕುಂಕುಮ ಹಚ್ಚಿದೆ.’

ಇಂಜಿನ್ ಬಿಚ್ಚಿ ನೀರು ತೆಗೆಯೋಣವೆಂದರೆ ಸ್ಪ್ಯಾನರುಗಳೂ ಅಲ್ಲೇ, ಬಿರಡೆಯ ಪಕ್ಕದಲ್ಲಿ. ಹಾಗೇ ದೋಣಿ ಎಳೆದುಕೊಂಡು ಮನೆ ಕಡೆ ಹೊರಟೆವು. ಮನೆ ಹತ್ತಿರ ಬಂದಾಗ ಮಾವ ಕಿಟಕಿಯ ಹೊರಗೆ ನೋಡುತ್ತ, ‘ನಮ್ ಲಾಂಚಿಗೆ ಬಿರಡೀನ ಇರ್ಲಿಲ್ಲ. ಅದು ಯಾವಾಗ್ಲೂ ನೀರಾಗ ಇರ್ತಿತ್ತು’ ಎಂದರು. ನಾನು ಅದನ್ನು ನೆಪ ಎಂದುಕೊಂಡೆ. ಆ ಸಂಜೆಯೂ ಮರುದಿನವೂ ಇಬ್ಬರೂ ಇಂಜಿನ್ ಮುಂದೆ ಕೂತೆವು. ಅದು ಒಂದು ಸಲ ಕೆಮ್ಮಲೂ ಇಲ್ಲ. ಅದರ ಮರುದಿನ ಅವರು ಹೊರಟರು.

ಆಮೇಲೆ ಅವರು ಬರಲಿಲ್ಲ. ನಾವು ಮೆಲ್ಬರ್ನ್‌ಗೆ ಬಂದೆವು; ಬರುವಾಗ ದೋಣಿಯನ್ನು ಗೆಳೆಯನ ಹಿತ್ತಲಲ್ಲಿ ಬಿಟ್ಟೆವು, ಅವನು ಯಾರಿಗೋ ಕೊಟ್ಟ. ಫೋನಿನಲ್ಲಿ ಮಾವ ಮಳೆ, ಮಂಡಿನೋವು, ಮೊಮ್ಮಕ್ಕಳು ಎಂದು ಮಾತಾಡುತ್ತಿದ್ದರು. ಈಗ ಅವರೂ ಇಲ್ಲ, ಆ ಫೋನೂ ಇಲ್ಲ.

ಬಿರಡೆಯನ್ನು ಬಿಚ್ಚಿ ತಂದದ್ದು ಯಾರು? ಹುಣಸೆಹಣ್ಣಿನ ಕಂದು ಹತ್ತಿದ ಬೆರಳುಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ. ಬಹಳ ಕಾಲ ಅವು ಮಾವನ ಬೆರಳುಗಳಾಗಿದ್ದವು. ಈಚೆಗೆ ಅವೇ ಬೆರಳುಗಳ ಬುಡದಲ್ಲಿ ಗಾಜಿನ ಪುಡಿ ಕೆರೆದ ಗುಳ್ಳೆಗಳು ಕಾಣಿಸುತ್ತಿವೆ, ಅವು ನನ್ನವು. ಎಮ್ಮೆಯನ್ನು ತಟ್ಟುವಂತೆ ದೋಣಿ ತಟ್ಟಿದ ಕೈಯನ್ನು ಬದಲಿಸಿದವನು ಇದನ್ನೂ ಬದಲಿಸಿರಬಹುದು, ಈ ಕಡೆಗಾದರೂ ಸರಿ, ಆ ಕಡೆಗಾದರೂ ಸರಿ. ತಾನು ಗಂಟೆ ಮತ್ತು ದೀಪ ಮಾತ್ರ ತಿಕ್ಕಿದ್ದು ಎನ್ನುತ್ತಾಳೆ ಹೆಂಡತಿ. ಪೂಜೆಯ ಒಂದು ಫೋಟೊ ಇದೆ. ಹಲಗೆ, ಸ್ಪ್ಯಾನರು, ಸೇವಂತಿಗೆ, ಬಿರಡೆ. ಮೂಲೆಯಲ್ಲಿ ಲೆನ್ಸಿಗೆ ಅಡ್ಡ ಬಂದ ಒಂದು ಹೆಬ್ಬೆರಳು, ಮಸುಕಾಗಿದೆ. ಅದು ಕ್ಯಾಮೆರಾ ಹಿಡಿದವರದು, ಬಿರಡೆ ಬಿಚ್ಚಿದವರದು ಆಗಬೇಕಿಲ್ಲ.

ಬಿಚ್ಚಿದವರು ಯಾರೆಂದು ನನಗೆ ಗೊತ್ತಿಲ್ಲ. ಮಾವನಿಗೆ ಗೊತ್ತಿತ್ತೋ ಎಂಬುದೂ ಗೊತ್ತಿಲ್ಲ. ಆ ಇಪ್ಪತ್ತೋ ಮೂವತ್ತೋ ಮಾರು ಅವರ ಲೆಕ್ಕದಲ್ಲಿ, ಅವರು ಕೇಳಿದ್ದ ಆ ‘ಒಂದ ಸಲ’ ಆಯಿತೋ ಇಲ್ಲವೋ, ನಾನು ಕೇಳಲಿಲ್ಲ.