ಕುಂಕುಮ ಹತ್ತಿದ ವೈರಿನ ತುದಿ

ಅವರ ಕುತ್ತಿಗೆ ಬಲಕ್ಕೆ ವಾಲಿತ್ತು. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ, ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ತಂತಿ ಜೋಡಿಸಿದ ಮನುಷ್ಯ. ನಿವೃತ್ತರಾದ ಮೇಲೂ ಆ ಕುತ್ತಿಗೆ ನೆಟ್ಟಗಾಗಲಿಲ್ಲ. ಎದುರಿಗೆ ನಿಂತವರಿಗೆ, ಈತ ನನ್ನ ಮಾತನ್ನು ಬಹಳ ಗಮನವಿಟ್ಟು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಿಜಕ್ಕೂ ಕೇಳುತ್ತಿದ್ದರು, ಅದು ಬೇರೆ ಮಾತು.

ತೊಂಬತ್ತರ ದಶಕದ ಕೊನೆಯಲ್ಲಿ ಅಥಣಿಯ ನಮ್ಮ ಕಾಲೇಜಿಗೆ ಹತ್ತು ಕಂಪ್ಯೂಟರ್ ಬಂದಾಗ, ವೈರ್ ಎಳೆಯಲು ಶೇಡಬಾಳದಿಂದ ಅವರನ್ನು ಕರೆಸಿದರು. ಎಳೆದು ಮುಗಿದ ಮೇಲೂ ಇರಲಿ ಎಂದು ಉಳಿಸಿಕೊಂಡರು. ನಾನು ಆ ಲ್ಯಾಬಿನ ಹಂಗಾಮಿ ಶಿಕ್ಷಕಿ. ಎಲ್ಲರಂತೆ ನಾನೂ ಅವರನ್ನು ಲೈನ್‌ಮನ್ ಕಾಕಾ ಎನ್ನುತ್ತಿದ್ದೆ. ಅವರಿಗೆ ನಾನು ‘ಅಕ್ಕಾರ’. ವಯಸ್ಸಿನಲ್ಲಿ ಅವರ ಮಗಳಿಗಿಂತ ಚಿಕ್ಕವಳು, ಆದರೂ ಒಂದು ದಿನವೂ ಏಕವಚನದಲ್ಲಿ ಕರೆಯಲಿಲ್ಲ. ನನಗೋ ಡಿಪ್ಲೊಮಾದ ಜಂಬ. ಇಂಗ್ಲಿಷ್ ಓದಲು ಬಾರದ ಈ ಮುದುಕರಿಗೆ ಕಂಪ್ಯೂಟರ್ ಏನು ತಿಳಿದೀತು ಎಂದು ಒಳಗೊಳಗೇ ನಗುತ್ತಿದ್ದೆ.

ಜೈನ ಮನೆತನ ಅವರದು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಬಾಯಿಗೆ ಹಾಕುವವರಲ್ಲ. ಹೆಂಡತಿ ಬೆಳಿಗ್ಗೆಯೇ ಎರಡು ಬುತ್ತಿ ಕಟ್ಟಿಕೊಡುತ್ತಿದ್ದರು. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ಸಂಜೆ ಐದಕ್ಕೆ. ಐದು ಹೊಡೆಯಿತೆಂದರೆ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ಬಿಚ್ಚುತ್ತಿದ್ದರು. ನನಗೂ ಒಂದು ತುಂಡು, ಮೇಲೆ ಶೇಂಗಾ ಚಟ್ನಿ.

ಆ ವರ್ಷ ದಸರೆಯ ಖಂಡೇನವಮಿಗೆ ಲ್ಯಾಬಿನ ಪೂಜೆ ನನ್ನ ಪಾಲಿಗೆ ಬಂತು. ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮ ಕಲಸಿ, ಒಂದನ್ನೂ ಬಿಡದೆ ಹಚ್ಚಿದೆ. ಸರ್ವರ್ ಎಂಬ ದೊಡ್ಡ ಯಂತ್ರವನ್ನಂತೂ ವೈರ್ ಕಳಚಿ ಹೊರಗೆ ತಂದು, ಹೂವು ಏರಿಸಿ, ಹಬ್ಬ ಕಳೆದ ಮೇಲೆ ಮತ್ತೆ ಒಳಗಿಟ್ಟೆ. ಅದರ ಮರುದಿನವೇ ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು. ಅವರು ಲ್ಯಾಬ್ ಒಪ್ಪಿದರೆ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ಲ್ಯಾಬಿಗೆ ಬೀಗ, ನಾನು ಮನೆಗೆ. ಮನೆಯಲ್ಲಿ ಅಪ್ಪ ಇರಲಿಲ್ಲ. ನನ್ನ ದುಡಿಮೆ ನಂಬಿಕೊಂಡ ಅವ್ವ, ತಮ್ಮ ಇದ್ದರು.

ಸಮಿತಿ ಬಂದ ದಿನ ಮಧ್ಯಾಹ್ನ ಕಂಪ್ಯೂಟರುಗಳನ್ನು ಚಾಲೂ ಮಾಡಿದರೆ ಒಂದಕ್ಕೂ ವಿಳಾಸ ಸಿಗಲಿಲ್ಲ. ಸರ್ವರ್ ಆ ಹತ್ತಕ್ಕೂ ಒಂದೊಂದು ವಿಳಾಸ ಹಂಚಬೇಕು. ಅದು ಸಿಕ್ಕರಷ್ಟೇ ಅವು ಅದರೊಡನೆ ಮಾತಾಡುತ್ತವೆ. ಕೇಳಿ ಕೇಳಿ ಸಿಗದಿದ್ದಾಗ ತಾವೇ ಒಂದು ವಿಳಾಸ ಇಟ್ಟುಕೊಂಡು ಸುಮ್ಮನಾಗುತ್ತವೆ. ಹತ್ತೂ ಪರದೆಗಳಲ್ಲಿ ನೂರಾ ಅರವತ್ತೊಂಬತ್ತರಿಂದ ಶುರುವಾಗುವ ಅಂಥ ಪೊಳ್ಳು ವಿಳಾಸವೇ ಇತ್ತು. ಆ ವಿಳಾಸ ಬಿಡಿಸಿದೆ, ಹೊಸದನ್ನು ಮತ್ತೆ ಕೇಳಿಸಿದೆ, ಆರಿಸಿ ಹಚ್ಚಿದೆ, ಸೆಟ್ಟಿಂಗ್ ಎಲ್ಲ ತಿರುವಿಹಾಕಿದೆ. ಸಮಿತಿಯವರು ಪ್ರಿನ್ಸಿಪಾಲರ ಕೋಣೆಯಲ್ಲಿ ಕಡತ ನೋಡುತ್ತ ಕೂತಿದ್ದರು.

ಐದು ಹೊಡೆದಿತ್ತು. ಬುತ್ತಿಯ ಚೀಲ ಹಿಡಿದು ಗಿಡದ ಕಡೆ ಹೊರಟಿದ್ದ ಕಾಕಾ ಬಾಗಿಲಲ್ಲಿ ನಿಂತು ಕೇಳಿದರು:

“ಅಕ್ಕಾರ, ಒಂದಕ್ಕಷ್ಟ ಹಿಂಗಾಗೇತೋ, ಎಲ್ಲಾಕೂ ಹಿಂಗಾಗೇತೋ?”

“ಎಲ್ಲಾಕೂ, ಕಾಕಾ.”

“ಒಂದ ಮನಿ ಫೋನ್ ಸತ್ರ ಆ ಮನಿಯಾಗ ಹುಡುಕಬೇಕು. ಓಣಿಗೆ ಓಣಿನ ಸತ್ರ ಮನಿ ಮನಿ ಯಾಕ ತಿರಗ್ತೀರಿ? ಕಂಬಕ್ಕ ಹೋಗ್ರಿ.”

ಚೀಲ ಕೆಳಗಿಟ್ಟರು. ವೈರುಗಳೆಲ್ಲ ಬಂದು ಕೂಡುವ ಪೆಟ್ಟಿಗೆಯ ಮುಂದೆ ಕೂತು ದೀಪ ಎಣಿಸಿದರು. ಹತ್ತು ಉರಿಯುತ್ತಿದ್ದವು, ಸರ್ವರಿನದು ಉರಿಯುತ್ತಿರಲಿಲ್ಲ. ಆ ವೈರನ್ನು ಬೆರಳಿನಿಂದ ಸವರುತ್ತ, ಗೋಡೆಗುಂಟ, ಬೆಂಚಿನಡಿ ತೆವಳಿ, ನಡುನಡುವೆ ಅದರ ಪಟ್ಟಿ ಬಿಚ್ಚಿ ನೋಡುತ್ತ ಬಂದರು. ಮೊಣಕಾಲು ನೋವು ಅವರಿಗೆ, ಹೊತ್ತು ಹಿಡಿಯಿತು. ಕಡೆಗೆ ಸರ್ವರಿನ ಹಿಂದೆ ತುದಿಯನ್ನು ಕಿತ್ತು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು. ಅದರ ಸಣ್ಣ ಹಲ್ಲುಗಳ ತುಂಬ ಕೆಂಪಗೆ ಕುಂಕುಮ ಒಣಗಿ ಕೂತಿತ್ತು.

ನಾನೇ ಇಟ್ಟದ್ದು. ಇಡೀ ಯಂತ್ರದ ಜೀವ ಇಲ್ಲೇ ಅಲ್ಲವೇ ಎಂದು, ಕಳಚಿದ ತುದಿಗೂ ಭಕ್ತಿಯಿಂದ ಒದ್ದೆ ಬೆರಳು ಒತ್ತಿದ್ದೆ.

“ಇದಕೂ ಪೂಜಿ ಆಗೇತೇನ್ರಿ?” ಎಂದು ನಕ್ಕರು. ಸರ್ವರಿನಲ್ಲಿ ವೈರ್ ಕೂಡುವ ತೂತನ್ನು ಒರೆಸಿ, ಹಳೆಯ ತುದಿ ಕತ್ತರಿಸಿ, ಹೊಸದು ಒತ್ತಿ ಕೂಡಿಸಿದರು. ದೀಪ ಹತ್ತಿತು. ಒಂದರ ಹಿಂದೆ ಒಂದು ಹತ್ತಕ್ಕೂ ವಿಳಾಸ ಬಂತು. ಕತ್ತರಿಸಿದ ತುದಿಯನ್ನು ನಾನು ಕಸದ ಬುಟ್ಟಿಗೆ ಹಾಕಹೋದರೆ ಕೈ ತಡೆದರು. “ಕುಂಕುಮ ಹತ್ತಿದ್ದನ್ನ ಕಸದಾಗ ಒಗೀಬಾರ್ದ್ರಿ” ಎಂದು ಅಂಗಿಯ ಕಿಸೆಗೆ ಹಾಕಿಕೊಂಡರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಸಮಿತಿಯನ್ನು ಕಾಯಿಸಿದ ಸಿಟ್ಟು ಮುಖದ ಮೇಲಿತ್ತು. “ಯಾರ ತಪ್ಪ ಇದು?” ಎಂದರು.

ನಾನು ಪರದೆಯ ಕಡೆ ಮುಖ ತಿರುಗಿಸಿದೆ.

“ನಂದರಿ ಸಾಹೇಬ್ರ. ತುದಿ ಸರಿ ಕೂಡ್ಸಿದ್ದಿಲ್ಲ” ಎಂದರು ಕಾಕಾ.

“ನಾಳಿಂದ ನೀವ ಬರೂದ ಬ್ಯಾಡ.”

ಅವರು ಹೂಂ ಎಂದು ಚೀಲ ಎತ್ತಿಕೊಂಡರು. ಮೆಟ್ಟಿಲ ತನಕ ಹಿಂದೆ ಓಡಿದೆ. “ನಂದೇನ ಮುಗದೈತಿ. ನಿಮ್ದ ಈಗ ಶುರು. ಒಳಗ ಹೋಗ್ರಿ, ಅವ್ರು ಬರಾಕತ್ತಾರ” ಎಂದರು. ಹೊತ್ತು ಮುಳುಗಿತ್ತು. ಸಂಜೆಯ ಬುತ್ತಿ ಗಂಟು ಬಿಚ್ಚದೆ ಚೀಲದಲ್ಲೇ ಇತ್ತು. ಮರುದಿನ ಬೆಳಗಾಗುವ ತನಕ ಆ ಮನುಷ್ಯ ನೀರೂ ಕುಡಿಯುವಂತಿರಲಿಲ್ಲ.

ಸಮಿತಿ ಒಪ್ಪಿತು, ನಾನು ಕಾಯಂ ಆದೆ. ಪ್ರಿನ್ಸಿಪಾಲರಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಅವರ ಬಾಗಿಲ ತನಕ ಹೋಗಿ ಬಂದೆ. ಹೇಡಿ ನಾನು. ಮುಂದಿನ ದಸರೆಗೆ ಬನ್ನಿ ಎಲೆ ಕೊಟ್ಟು ಕಾಕಾನ ಕಾಲು ಮುಟ್ಟಿ ಬರೋಣ ಎಂದುಕೊಂಡೆ. ತಮ್ಮನ ಜ್ವರ, ಪರೀಕ್ಷೆ ಎಂದು ನೆವ ಹುಡುಕಿ ಉಳಿದೆ. ಅದರ ಮುಂದಿನ ದಸರೆಗೆ ಶೇಡಬಾಳಕ್ಕೆ ಹೋದೆ.

ಕಾಕಾ ಶ್ರಾವಣದಲ್ಲೇ ತೀರಿಹೋಗಿದ್ದರು. ಫೋಟೋದಲ್ಲೂ ಕುತ್ತಿಗೆ ಬಲಕ್ಕೇ ವಾಲಿತ್ತು. ಕೆಳಗೆ ದೇವರ ಮಾಡದಲ್ಲಿ, ದೀಪದ ಪಕ್ಕ, ಆ ವೈರಿನ ತುದಿ.

“ಇದೇನ್ರಿ ಅಕ್ಕಾರ?” ಎಂದು ಕೇಳಿದರು ಕಾಕೂ, ಅವರ ಹೆಂಡತಿ. “ಕೇಳಿದ್ರ ಒಂದ ದಿನಾ ಹೇಳಲಿಲ್ಲ. ಮೂವತ್ತ ವರ್ಷ ಇವ್ರ ಹಾಕಿದ ಜೋಡ ಒಂದ ಬಿಚ್ಚಿದ್ದಿಲ್ರಿ. ಕಡೀಕ ಕಾಲೇಜಿನ್ಯಾಗ ಕೈ ತಪ್ಪತಂತ. ಮುದುಕ್ರಾದ್ರಿ, ಕಣ್ಣ ಹೋಗ್ಯಾವ ಅಂತ ನಾ ದಿನಾ ಕಾಡ್ತಿದ್ನಿ. ಹೂಂ ಅಂತಿದ್ರು, ನಗ್ತಿದ್ರು.”

ಆಗ ಹೇಳಿದೆ. ಕುಂಕುಮ ಇಟ್ಟದ್ದೂ, ಬಾಯಿ ಮುಚ್ಚಿಕೊಂಡು ನಿಂತದ್ದೂ, ಎಲ್ಲ.

“ಹಂಗಾದ್ರ ಅವ್ರ ಕೈ ತಪ್ಪಿದ್ದಿಲ್ಲ?”

“ಇಲ್ಲ ಕಾಕೂ.”

ನಾನು ತಂದ ಬನ್ನಿಯನ್ನು ತೆಗೆದುಕೊಂಡು ಫೋಟೋದ ಮುಂದಿಟ್ಟರು. ಸೆರಗಿನಿಂದ ಅದರ ಗಾಜು ಒರೆಸುತ್ತ, ನನ್ನ ಕಡೆ ತಿರುಗದೆ ಅಂದರು:

“ಮೊದಲ ಬಂದ ಒಂದ ಮಾತ ಹೇಳಿದ್ರ, ನಾ ಅವ್ರನ್ನ ಕಾಡ್ತಿದ್ದಿಲ್ಲಲ್ಲವ್ವಾ.”