ಕಳಸೂಬಾಯಿ ಯಾವ ಮಹಡಿ?

ಗೆಳೆಯರೇ, ಇವತ್ತು ನನ್ನನ್ನು ಸೋಪಿನ ಪುಡಿ ಮಾರುವವಳೆಂದು ತಡೆದರು.

ಮಹಾರಾಷ್ಟ್ರದ ಅತಿ ಎತ್ತರದ ಬೆಟ್ಟ ಕಳಸೂಬಾಯಿ. ಹೋದ ವರ್ಷ ಆಫೀಸಿನವರ ಜೊತೆ ಹೋಗಿ, ಅರ್ಧ ದಾರಿಯಲ್ಲೇ ಉಸಿರು ಸಾಲದೆ ಕೂತುಬಿಟ್ಟಿದ್ದೆ. ನನ್ನ ಚೀಲವನ್ನೂ ಬೇರೆಯವರೇ ಹೊತ್ತು ಇಳಿಸಿದರು. ಬರುವ ಭಾನುವಾರ ಮತ್ತೆ ಹೊರಟಿದ್ದೇವೆ. ನನಗೀಗ ನಲವತ್ತಾರು. ಈ ಸಲ ಚೀಲ ನನ್ನ ಬೆನ್ನ ಮೇಲೇ ಶಿಖರ ಮುಟ್ಟಬೇಕು.

ನಾವಿರುವ ಚಾಳ್‌ ವಠಾರಕ್ಕೆ ಒಂದೇ ಮಹಡಿ. ಅದಕ್ಕೆ ಬೆಳಿಗ್ಗೆ ಗೋರೆಗಾಂವ್‌ನಲ್ಲಿರುವ ತಂಗಿಯ ಏಳು ಮಹಡಿ ಬಿಲ್ಡಿಂಗಿಗೆ ಹೋದೆ. ಚೀಲದಲ್ಲಿ ಹತ್ತು ಕಿಲೋ ಅಕ್ಕಿ ತುಂಬಿಕೊಂಡು ಹತ್ತು ಸಲ ಹತ್ತಿ ಇಳಿಯಬೇಕೆಂದು ಹಟ ಹಿಡಿದಿದ್ದೆ. ಆರನೆಯ ಸಲ ಹೊಸ ವಾಚ್‌ಮನ್ ಮೆಟ್ಟಿಲಿಗೆ ಅಡ್ಡ ನಿಂತ.

“ಪೌಡರ್ ಬೇಚ್‌ನೇವಾಲೇ ಅಲೌಡ್ ನಹೀ. ಕಿಸ್ಕೇ ಪಾಸ್ ಜಾನಾ ಹೈ?”

ಪುಡಿ ಮಾರುವವರನ್ನು ಒಳಗೆ ಬಿಡುವುದಿಲ್ಲವಂತೆ. ಯಾರ ಹತ್ತಿರ ಹೋಗಬೇಕೆಂದರೆ ಏನು ಹೇಳಲಿ? ಏದುಸಿರಿನಲ್ಲಿ ಒಂದೇ ಮಾತು ಹೊರಟಿತು. “ಕಳಸೂಬಾಯಿ.”

“ಕೌನ್ಸಾ ಮಾಲಾ?” ಯಾವ ಮಹಡಿ ಎಂದು ಅವನು ಗಂಭೀರವಾಗಿಯೇ ಕೇಳಿದ.

“ಸಬ್ ಸೇ ಊಪರ್,” ಎಲ್ಲಕ್ಕಿಂತ ಮೇಲೆ ಎಂದೆ.

ಅವನು ಗೇಟಿನ ಬಳಿ ಹೆಸರುಗಳ ಬೋರ್ಡು ಓದಲು ಹೋದ. ನಾನು ಹತ್ತತೊಡಗಿದೆ.

ಹತ್ತೂ ಸಲ ಮುಗಿಸಿ ಇಳಿದಾಗ ತೊಡೆಗಳು ನಡುಗುತ್ತಿದ್ದವು. ವಾಚ್‌ಮನ್ ತನ್ನ ಸ್ಟೂಲು ಬಿಟ್ಟುಕೊಟ್ಟು ನೀರು ತಂದ. ಬೆಟ್ಟದ ವಿಷಯ ಹೇಳಿದೆ.

“ಊಪರ್ ಕ್ಯಾ ಮಿಲೇಗಾ?” ಮೇಲೆ ಏನು ಸಿಗುತ್ತದೆ ಎಂದು ಕೇಳಿದ.

“ಒಂದು ಪುಟ್ಟ ಗುಡಿ, ಒಳ್ಳೆಯ ಗಾಳಿ,” ಎಂದು ಹಿಂದಿಯಲ್ಲೇ ಹೇಳಿದೆ.

ಅವನು ಮರುಕದಿಂದ ನೋಡಿದ. “ಹವಾ ಚಾಹಿಯೇ ಥಾ ತೋ ಬೋಲ್ನಾ ಥಾ. ಟೆರೇಸ್ ಕೀ ಚಾಬಿ ಮೇರೇ ಪಾಸ್ ಹೈ.” ಗಾಳಿ ಬೇಕಿದ್ದರೆ ಹೇಳಬಾರದಿತ್ತೇ, ಟೆರೇಸಿನ ಕೀಲಿಕೈ ತನ್ನ ಹತ್ತಿರವೇ ಇದೆಯಂತೆ.

ಭಾನುವಾರ ಕಳೆದ ಮೇಲೆ ಕೊಡಪ್ಪಾ ಎಂದೆ. ಮೊದಲೇ ಕೊಟ್ಟರೆ ಈ ಕಾಲುಗಳು ಬೆಟ್ಟದ ಬದಲು ಟೆರೇಸಿಗೇ ಒಪ್ಪಿಬಿಟ್ಟಾವು.