ಶುಕ್ರವಾರ ಹರಿಯುವ ಹಾಳೆ

ಹುಟ್ಟಿದ ಮಗುವಿಗೆ ಕಮಲಾಕ್ಷ ಎಂದು ಹೆಸರಿಟ್ಟ ಕಾಪುವಿನ ಹಿರಿಯರಿಗೆ ಮುಂದಿನ ಸಂಗತಿ ಗೊತ್ತಿರಲಿಲ್ಲ. ಐವತ್ತೆರಡು ದಾಟುವ ಹೊತ್ತಿಗೆ ಆ ಎರಡು ಕಮಲಗಳೂ ಸೋಡಾಬುಡ್ಡಿ ಕನ್ನಡಕದ ಹಿಂದೆ ಕೊಳದಲ್ಲಿ ಮುಳುಗಿದಂತೆ ಕಾಣುತ್ತಿದ್ದವು. ಕಿವಿಯ ಕತೆ ಇನ್ನೂ ಕಡೆ. ಇಪ್ಪತ್ತೆರಡು ವರ್ಷ ಕಾಗದದ ಯಂತ್ರದ ಪಕ್ಕದಲ್ಲಿ ನಿಂತವನಿಗೆ ಮನೆಯ ಕರೆಗಂಟೆ ಕೇಳುವುದಿಲ್ಲ. ಆದರೆ ಓಡುವ ಹಾಳೆ ಹರಿಯುವುದಕ್ಕೆ ಅರೆಕ್ಷಣ ಮುಂಚೆ ಯಂತ್ರದ ಸದ್ದು ಬದಲಾಗುತ್ತದಲ್ಲ, ಅದು ಅವನ ಬೆನ್ನಿಗೇ ತಿಳಿಯುತ್ತಿತ್ತು.

ಮಿಲ್ಲು ಇದ್ದದ್ದು ತಳೋಜಾದಲ್ಲಿ. ಮುಂಬಯಿಯ ರದ್ದಿ ಲಾರಿಗಟ್ಟಲೆ ಅಲ್ಲಿಗೆ ಬಂದು, ನೀರಿನಲ್ಲಿ ಕದಡಿ ಗಂಜಿಯಾಗಿ, ಹಲವು ಜರಡಿಗಳನ್ನು ದಾಟಿ, ಕೊನೆಗೆ ರಟ್ಟಿನ ಪೆಟ್ಟಿಗೆ, ಅಲ್ಲಿನವರ ಬಾಯಲ್ಲಿ ಖೋಕಾ, ಮಾಡುವ ಕಂದು ಹಾಳೆಯಾಗಿ ಸುತ್ತಿಕೊಳ್ಳುತ್ತಿತ್ತು. ಕಮಲಾಕ್ಷ ಮೊದಲ ಪಾಳಿಯ ಇನ್‌ಚಾರ್ಜ್. ಡೊಂಬಿವಲಿಯಿಂದ ಕಂಪನಿಯ ಬಸ್ಸು ಆರಕ್ಕೆ ಹೊರಟರೆ ಶೀಳಫಾಟಾದಲ್ಲಿ ಲಾರಿಗಳ ಹಿಂದೆ ನಿಲ್ಲುವಷ್ಟರಲ್ಲಿ ಅವನದೊಂದು ನಿದ್ದೆ ಮುಗಿದಿರುತ್ತಿತ್ತು. ಏಳರಿಂದ ಮೂರರವರೆಗೆ ಅವನ ಚಿಂತೆ ಒಂದೇ: ಹಾಳೆ ಹರಿಯಬಾರದು. ಹಾಳೆ ಹರಿದರೆ ದಿನ ಹಾಳು.

ಹೆಂಡತಿ ವೇದಾವತಿ 2011ರ ಜನವರಿಯಲ್ಲಿ ತೀರಿಕೊಂಡಳು. ಜ್ವರವೆಂದು ಆಸ್ಪತ್ರೆಗೆ ಹೋದವಳು ಹದಿನೇಳನೆಯ ದಿನ ಇರಲಿಲ್ಲ. ಕಮಲಾಕ್ಷ ಅಳಲಿಲ್ಲ. ಅವಳು ಹೋದ ಹದಿನಾಲ್ಕನೆಯ ದಿನಕ್ಕೆ ಟಿಫಿನ್ ಡಬ್ಬಿ ಹಿಡಿದು ಬಸ್ಸು ಹತ್ತಿದಾಗ ಸಹೋದ್ಯೋಗಿಗಳು ಅದನ್ನು ಧೈರ್ಯ ಎಂದರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಒಂದೇ ಮಗ್ಗುಲಲ್ಲಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮನುಷ್ಯನಿಗೆ ಜೋಮು ಹಿಡಿದಿತ್ತು. ಕಾಲಾದರೆ ಕೊಡವಬಹುದು. ಮನುಷ್ಯನನ್ನು ಎಲ್ಲಿ ಹಿಡಿದು ಕೊಡವುವುದು?

ಬಿಡದೆ ಉಳಿದದ್ದು ಒಂದು ಕೆಲಸ. ಯಂತ್ರದ ಸ್ವಿಚ್ಚಿನ ಫಲಕದ ಮೇಲೆ ದೇವಿಯ ಪಟವಿತ್ತು. ಹದಿನಾರು ವರ್ಷದಿಂದ ಶುಕ್ರವಾರ ಬೆಳಿಗ್ಗೆ ಅದಕ್ಕೆ ಹೊಸ ಮಾಲೆ ಹಾಕುವುದು ಕಮಲಾಕ್ಷನ ಪಾಲು. ಮಾಲೆ ಕಟ್ಟುವುದು ವೇದಾವತಿಯ ಪಾಲು. ಅವಳ ಅಣ್ಣ ಮೋಹನದಾಸನಿಗೆ ಠಾಣೆಯ ನೌಪಾಡಾದಲ್ಲಿ ಸಸ್ಯಾಹಾರಿ ಹೋಟೆಲು. ಅಲ್ಲಿಂದ ಬಾಳೆದಿಂಡು ತರಿಸಿ, ಸೀಳಿ, ಡೊಂಬಿವಲಿಯ ಕಿಟಕಿಯ ಸರಳುಗಳಿಗೆ ನೇತುಹಾಕಿ ಒಣಗಿಸಿ, ಆ ನಾರಿನಲ್ಲೇ ಅವಳು ಹೂ ಕಟ್ಟುತ್ತಿದ್ದಳು. ಇಳಿಸಿದ ಮಾಲೆಯನ್ನು ಯಾರೂ ತುಳಿಯಬಾರದು, ಹರಿಯುವ ನೀರಿಗೇ ಬಿಡಬೇಕು ಎಂಬುದು ಅವಳ ಕಟ್ಟಪ್ಪಣೆ. ತಳೋಜಾದಲ್ಲಿ ಹರಿಯುವ ನೀರೆಂದರೆ ಬಣ್ಣದ ಕಾರ್ಖಾನೆಯ ನಾಲೆ. ಅದಕ್ಕೆ ಬಿಟ್ಟರೆ ದೇವಿಗೇ ಚರ್ಮರೋಗ ಬಂದೀತು. ಕಮಲಾಕ್ಷ ಕಂಡುಕೊಂಡ ಉಪಾಯವೆಂದರೆ ಯಂತ್ರದ ಕೆಳಗಿನ ಗುಂಡಿ. ಹಾಳೆ ಹರಿದಾಗ, ಅಂಚು ಕತ್ತರಿಸಿದಾಗ ಬೀಳುವ ಒದ್ದೆ ಕಾಗದ ಅಲ್ಲಿ ಸುತ್ತುವ ನೀರಿನಲ್ಲಿ ಮತ್ತೆ ಗಂಜಿಯಾಗಿ ಯಂತ್ರಕ್ಕೇ ಮರಳುತ್ತದೆ. ನಮ್ಮದೇ ಶುದ್ಧ ಕಾಗದವೆಂದು ಆ ದಾರಿಯಲ್ಲಿ ರದ್ದಿಗೆ ಇದ್ದಷ್ಟು ಜರಡಿಗಳಿಲ್ಲ. ವೇದಾವತಿಗೆ ಹೇಳಿದಾಗ ಅವಳು ಸ್ವಲ್ಪ ಯೋಚಿಸಿ, ನೀರು ತಿರುಗುತ್ತದಲ್ಲ, ಸಾಕು ಎಂದಿದ್ದಳು. ಹೂವಿನ ಸಂಗಡ ನಾರೂ ಸ್ವರ್ಗ ಸೇರುವುದು ಗಾದೆಯಲ್ಲಿ. ಈ ಮಿಲ್ಲಿನಲ್ಲಿ ಎರಡೂ ಸೇರುತ್ತಿದ್ದದ್ದು ಖೋಕಾವನ್ನು.

ಅವಳು ಹೋದ ಮೇಲೆ ಕಮಲಾಕ್ಷ ಗುರುವಾರ ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಝೆಂಡು, ಅಂದರೆ ಚೆಂಡು ಹೂವಿನ ಮಾಲೆ ಕೊಳ್ಳತೊಡಗಿದ. ಅದರಲ್ಲಿ ಭಕ್ತಿಯೇನೂ ಇರಲಿಲ್ಲ. ಬಸ್ಸು ಹತ್ತುವುದು, ಕಾರ್ಡ್ ಒತ್ತುವುದು, ಮಾಲೆ ಬದಲಿಸುವುದು, ಎಲ್ಲ ಒಂದೇ ಸಾಲಿನವು.

ಅದೇ ವರ್ಷ ಏಪ್ರಿಲಿನಲ್ಲಿ ರಿತೇಶ್ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಬಂದ. ಮೂಲ್ಕಿಯ ಮನೆತನ, ವಾಸ ಘೋಡಬಂದರ್ ರಸ್ತೆಯ ಇಪ್ಪತ್ತನೆಯ ಮಹಡಿ, ವಯಸ್ಸು ಮೂವತ್ತೊಂದು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಅವನು ಹಾಳೆ ಹರಿದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಸಂಗತಿ ಹೊರಗೆಳೆದ. ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಹಾಳೆ ಹರಿಯುವುದು ಬೇರೆ ದಿನಕ್ಕಿಂತ ಬಹಳ ಹೆಚ್ಚು. ಇಷ್ಟು ದಿನ ಎಲ್ಲರೂ ರಿಜಿಸ್ಟರಿನಲ್ಲಿ ರದ್ದಿಯ ಕಸ ಎಂದು ಬರೆದು ಕೈತೊಳೆದುಕೊಂಡಿದ್ದರು. ರದ್ದಿಯಲ್ಲಿ ಪ್ಲಾಸ್ಟಿಕ್ ಇದ್ದದ್ದೇ. ಆದರೆ ಕಸಕ್ಕೆ ವಾರ ತಿಳಿಯುವುದಿಲ್ಲವಲ್ಲ.

ರಿತೇಶ್ ಒಂದು ಫಾರ್ಮು ತಂದ. ಅದರಲ್ಲಿ ಐದು ಚೌಕ. ಐದು ಸಲ ಯಾಕೆ ಎಂದು ಕೇಳಿದರೆ ಬೇರು ಸಿಗುತ್ತದಂತೆ. ನವೆಂಬರಿನ ಕೊನೆಯ ಶುಕ್ರವಾರ ಅದನ್ನು ತಾನೇ ತುಂಬಿಸಿ ಕಮಲಾಕ್ಷನ ಮುಂದಿಟ್ಟ. ಹಾಳೆ ಹರಿದದ್ದು ಯಾಕೆ, ನಡುವೆ ದುರ್ಬಲ ಜಾಗವಿದ್ದದ್ದಕ್ಕೆ. ಅದು ಯಾಕೆ, ಗಂಜಿಯಲ್ಲಿ ಕಸ ಸೇರಿದ್ದಕ್ಕೆ. ಅದು ಯಾಕೆ, ಗುಂಡಿಯಲ್ಲಿ ಕಸ ಬಿದ್ದದ್ದಕ್ಕೆ. ಅದು ಯಾಕೆ, ಗುಂಡಿಯವನು ನೋಡದೆ ಇದ್ದದ್ದಕ್ಕೆ. ಐದನೆಯ ಚೌಕದಲ್ಲಿ ಒಂದು ಹೆಸರಿತ್ತು: ಹುಲಗಪ್ಪ.

ಹುಲಗಪ್ಪ ಕೊಪ್ಪಳದ ಕಡೆಯವನು, ಗುತ್ತಿಗೆಯ ಆಳು. ಮೂರು ವರ್ಷದಿಂದ ಇದ್ದ. ಗುಂಡಿಯ ಕಾಯಂ ಕೆಲಸಗಾರನಿಗೆ ಶುಕ್ರವಾರ ರಜೆಯಾದ್ದರಿಂದ ಅವತ್ತೊಂದು ದಿನ ಪೈಪು ಹಿಡಿದು ಅಲ್ಲಿ ನಿಲ್ಲುವವನು ಅವನೇ. ಸೋಮವಾರ ಗುತ್ತಿಗೆಯವರ ಗೇಟ್ ಪಾಸು ಹೊಸದಾಗಿ ಕೊಡುವ ದಿನ. ಈ ಫಾರ್ಮಿನ ಮೇಲೆ ಕಮಲಾಕ್ಷನ ಸಹಿ ಬಿದ್ದರೆ ಹುಲಗಪ್ಪನ ಪಾಸು ಹೋದಂತೆ. ಗುತ್ತಿಗೆದಾರರೆಲ್ಲ ಒಂದೇ ಬಳಗ, ಆಮೇಲೆ ಆ ಪ್ರದೇಶದ ಯಾವ ಗೇಟೂ ಅವನಿಗೆ ತೆರೆಯುವುದಿಲ್ಲ. ಹೆಂಡತಿ ಸಾಬವ್ವ, ಇಬ್ಬರು ಮಕ್ಕಳು, ಕಳಂಬೋಲಿಯ ಚಾಳಿನ ಕೋಣೆ, ಎಲ್ಲ ಆ ಪಾಸಿಗೆ ಜೋತುಬಿದ್ದಿದ್ದವು.

"ಅಂಕಲ್, ಸೈನ್ ಕರ್ ದೋ ನಾ. ಆಡಿಟ್ ಹೈ," ಎಂದ ರಿತೇಶ್. ಕೆಲಸವಾಗಬೇಕಾದಾಗ ಮಾತ್ರ ಅವನಿಗೆ ಕಮಲಾಕ್ಷ ಅಂಕಲ್.

ಕಮಲಾಕ್ಷನಿಗೆ ಪಾಪ ಅನ್ನಿಸಲಿಲ್ಲ. ಅನ್ನಿಸಬೇಕಾದ ಜಾಗದಲ್ಲಿ ಜೋಮು. ಪೆನ್ನಿನ ಮುಚ್ಚಳ ತೆಗೆದ. ಆದರೆ ಹಳೆಯ ಚಟ ಒಂದಿತ್ತು, ರಿಜಿಸ್ಟರು ನೋಡದೆ ಸಹಿ ಹಾಕಿದವನಲ್ಲ. ಪಾಳಿ ಮುಗಿಯುವುದರೊಳಗೆ ಕೊಡುತ್ತೇನೆಂದು ಹೇಳಿ ಕಪಾಟಿನಿಂದ ಪುಸ್ತಕಗಳನ್ನು ಇಳಿಸಿ ಹಿಂದಕ್ಕೆ ಮಗುಚುತ್ತ ಹೋದ. ರಿತೇಶನ ಲೆಕ್ಕ ಶುರುವಾಗುವುದು ಅವನು ಬಂದ ಏಪ್ರಿಲಿನಿಂದ. ರಿಜಿಸ್ಟರಿಗೆ ಹಾಗೇನಿಲ್ಲ. 2010ರ ಶುಕ್ರವಾರಗಳಲ್ಲೂ ಗುಂಡಿಯಲ್ಲಿ ಹುಲಗಪ್ಪ. 2009ರಲ್ಲೂ ಹುಲಗಪ್ಪ. ಹಾಳೆ ಮಾತ್ರ ಬೇರೆ ದಿನಗಳಷ್ಟೇ ಹರಿದಿತ್ತು, ಒಂದು ಎಳೆಯೂ ಹೆಚ್ಚಿಲ್ಲ. ಹಾಗಾದರೆ ಫಾರ್ಮಿನಲ್ಲಿ ಚೌಕವಿಲ್ಲದ ಆರನೆಯ ಯಾಕೆ ಒಂದು ಉಳಿಯಿತು: ಆಗ ಯಾಕಿಲ್ಲ?

ಅವನು ಬೆರಳಿಟ್ಟು ಕೆಳಗೆ ಬಂದ. ಈ ವರ್ಷ ಶುಕ್ರವಾರ ಮೊದಲು ಹಾಳೆ ಹರಿದದ್ದು ಫೆಬ್ರವರಿ ಹದಿನೆಂಟಕ್ಕೆ. ಅದರ ಹಿಂದಿನ ಶುಕ್ರವಾರ, ಹನ್ನೊಂದು, ಏನೂ ಇಲ್ಲ. ಹನ್ನೊಂದು ಅವನು ಕೆಲಸಕ್ಕೆ ಮರಳಿದ ಮೇಲಿನ ಮೊದಲ ಶುಕ್ರವಾರ. ಅವತ್ತು ಪಟದಿಂದ ಇಳಿಸಿ ಗುಂಡಿಗೆ ಬಿಟ್ಟದ್ದು ಒಣಗಿ ಕಡ್ಡಿಯಾಗಿದ್ದ, ವೇದಾವತಿ ಕಟ್ಟಿದ ಕೊನೆಯ ಮಾಲೆ. ಹದಿನೆಂಟಕ್ಕೆ ಬಿಟ್ಟದ್ದು ಸ್ಟೇಷನ್ನಿನದು. ಮೊದಲನೆಯದು.

ಪುಸ್ತಕ ಮುಚ್ಚಿ ಅವನು ಗುಂಡಿಗೆ ಇಳಿದ. ಹುಲಗಪ್ಪ ಪೈಪು ಹಿಡಿದು ನಿಂತಿದ್ದ. ಬೆಳಿಗ್ಗೆ ಬಿಟ್ಟ ಮಾಲೆ ಕಂಡೆಯಾ ಎಂದು ಕೇಳಿದ್ದಕ್ಕೆ ಅವನು ಕಂಬದ ಹಿಂದೆ ತೋರಿಸಿದ. ಅಲ್ಲಿ ಮೊಳೆಗೆ ಒಂದು ಕಬ್ಬಿಣದ ಕೊಂಡಿ ನೇತಾಡುತ್ತಿತ್ತು. ಅದರ ಪಕ್ಕದ ಮೊಳೆಯಲ್ಲಿ ಗಂಜಿಯಲ್ಲಿ ಕರಗದ ನೈಲಾನ್ ದಾರಗಳ ಒಂದು ಕಟ್ಟು. ಮೇಲಿನದು ಇನ್ನೂ ಒದ್ದೆ, ಗಂಟಿನಲ್ಲಿ ಹಳದಿ ಎಸಳು. ಉಳಿದವು ಒಣಗಿದ್ದವು. ಕಮಲಾಕ್ಷ ಎಣಿಸಿದ. ಒಣಗಿದವು ಹದಿನೇಳು.

ಫೆಬ್ರವರಿ ಹದಿನೆಂಟರಿಂದ, ಇವತ್ತನ್ನು ಬಿಟ್ಟು, ಕಳೆದದ್ದು ನಲವತ್ತು ಶುಕ್ರವಾರ. ಹಾಳೆ ಹರಿದದ್ದು ಇಪ್ಪತ್ತಮೂರು. ಉಳಿದ ಹದಿನೇಳು ಇಲ್ಲಿದ್ದವು.

"ಇದೆಂಥದು ಮಾರಾಯ?" ಎಂದ, ಗೊತ್ತಿದ್ದರೂ.

"ನಿಮ್ದ ಐತ್ರಿ ಸಾಹೇಬ್ರ. ಕಂಡ ದಿನ ಕೊಂಡಿ ಹಾಕಿ ಜಗ್ಗತಿದ್ನಿ. ನೊರಿಯಾಗ ಕಾಣದ ದಿನ ಒಳಗ ಹೋಗಿಬಿಡ್ತಿತ್ತು."

"ಬಾಯಿ ಬಿಟ್ಟು ಹೇಳ್ಲಿಕ್ಕೆ ಏನು ದಾಡಿ ನಿಂಗೆ? ಸೋಮವಾರ ಪಾಸು ಹೋಗ್ತದೆ ಅಂತ ಗೊತ್ತುಂಟಾ?"

"ಗೊತ್ತೈತ್ರಿ." ಹುಲಗಪ್ಪ ಪೈಪಿನ ನೀರನ್ನು ಬೇರೆ ಕಡೆ ತಿರುಗಿಸಿದ. "ಅಕ್ಕಾರು ಇದ್ದಾಗ ಕಟ್ಟಿ ಕೊಡ್ತಿದ್ರು. ಅವರು ಹೋದ ಮ್ಯಾಲೂ ನೀವು ಒಂದು ವಾರಾನೂ ಬಿಡಲಿಲ್ಲ. ಅದನ್ನ ಬ್ಯಾಡ ಅಂತ ಹೆಂಗ ಹೇಳ್ಲಿರಿ? ನಾನ ಕಣ್ಣಿಟ್ಟು ನಿಂತ್ರಾತು ಅಂತ ಮಾಡಿದ್ನಿ."

ಯಂತ್ರದ ಅಬ್ಬರದಲ್ಲಿ ಕಿವಿ ಮಂದವಾದವನಿಗೆ ಇದೆಲ್ಲ ಹೇಗೆ ಕೇಳಿಸಿತೋ. ಕೇಳಿಸಿತು. ಕಮಲಾಕ್ಷ ದಾರದ ಕಟ್ಟನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ.

ರಿತೇಶನ ಮೇಜಿನ ಮೇಲೆ ಹದಿನೆಂಟು ದಾರ ಇಟ್ಟು, ಐದನೆಯ ಚೌಕದ ಹೆಸರು ಹೊಡೆದುಹಾಕಿ ತನ್ನದನ್ನು ಬರೆದ. ರಿತೇಶ್ ದಾರಗಳನ್ನೂ ರಿಜಿಸ್ಟರನ್ನೂ ಎರಡೆರಡು ಸಲ ನೋಡಿದ. ದಡ್ಡನಲ್ಲ ಹುಡುಗ. ಆದರೆ ಆಡಿಟಿನವರಿಗೆ ಝೆಂಡು ಹೂವಿನ ಹಾರವೇ ಮೂಲ ಕಾರಣ ಎಂದು ಹೇಗೆ ತೋರಿಸುವುದೆಂದು ಅವನಿಗೆ ಸಂಕಟ. ಅಂಕಲ್‌ಗೆ ಮೆಮೊ ಕೊಡಬೇಕಾಗುತ್ತದೆ, ಹೊರಗಿನ ಕಸ ಎಂದಷ್ಟೇ ಬರೆದು ಹುಲಗಪ್ಪನನ್ನು ಬದಲಿಸಿದರೆ ಎಲ್ಲರಿಗೂ ಸುಲಭ ಎಂದು ಹಿಂದಿಯಲ್ಲಿ ಬಹಳ ಮೆತ್ತಗೆ ಹೇಳಿದ.

"ಐದು ಸಲ ಯಾಕೆ ಕೇಳು ಅಂದದ್ದು ನೀನೇ ಅಲ್ವಾ?" ಎಂದ ಕಮಲಾಕ್ಷ. "ಐದಕ್ಕೂ ಉತ್ತರ ನಾನೇ. ಸಹಿ ಬೇಕಾದ್ರೆ ಇದಕ್ಕೆ ಹಾಕ್ತೇನೆ, ಅದಕ್ಕೆ ಹಾಕುವುದಿಲ್ಲ."

ಸೋಮವಾರ ಹುಲಗಪ್ಪನಿಗೆ ಪಾಸು ಬಂತು, ಕಮಲಾಕ್ಷನಿಗೆ ಮೆಮೊ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. ನಾಚಿಕೆಯಾಗುತ್ತದೋ ಎಂದು ಸ್ವಲ್ಪ ಹೊತ್ತು ಕಾದು ನೋಡಿದ. ಆಗಲಿಲ್ಲ. ಮೆಮೊವನ್ನು ಬೆಳಕಿಗೆ ಹಿಡಿದ. ತೂಕ ಎಪ್ಪತ್ತು ಜಿಎಸ್‌ಎಂ ಇರಬಹುದು, ನಾರು ಎಲ್ಲ ಕಡೆ ಸಮನಾಗಿ ಕೂತಿತ್ತು. ಒಳ್ಳೆಯ ಕಾಗದ.

ಫಾರ್ಮಿನ ಕೊನೆಯಲ್ಲಿ ಪರಿಹಾರ ಎಂಬ ಚೌಕವೊಂದಿತ್ತು. ಅದರಲ್ಲಿ ರಿತೇಶ್ ಬರೆದದ್ದನ್ನು ಗುಂಡಿಯ ಗೋಡೆಗೆ ಮೂರು ಭಾಷೆಯಲ್ಲಿ ಅಂಟಿಸಿದರು: ನಾರಲ್ಲದ್ದು ಗುಂಡಿಗೆ ಬೀಳಕೂಡದು, ಬೀಳುವುದನ್ನು ಗುಂಡಿಯವನು ಪರೀಕ್ಷಿಸಬೇಕು.

ಬುಧವಾರ ಪಾಳಿ ಮುಗಿಸಿ ಕಮಲಾಕ್ಷ ಠಾಣೆಗೆ ಹೋದ. ಹೆಂಡತಿ ಸತ್ತ ಮೇಲೆ ಹೋಟೆಲಿನ ಕಡೆ ತಲೆಹಾಕದ ಭಾವ ಬಾಳೆದಿಂಡು ಕೇಳಿಕೊಂಡು ಬಂದದ್ದಕ್ಕೆ ಮೋಹನದಾಸ ಪಲ್ಯಕ್ಕೋ ಎಂದು ಕೇಳಿದ. ಹೌದೆಂದ. ಗುರುವಾರ ಸಂಜೆ ಅಡುಗೆಮನೆಯ ನೆಲದ ಮೇಲೆ ನಾರು ಹರಡಿಕೊಂಡು ಕೂತರೆ ಗಂಟು ನಿಲ್ಲಲೊಲ್ಲದು. ಹೂ ಒಂದು ಕಡೆ, ನಾರು ಒಂದು ಕಡೆ. ಕಾಲೇಜಿನಿಂದ ಬಂದ ಮಗಳು ಅಕ್ಷಯಾ ಚಪ್ಪಲಿ ಬಿಡುವುದನ್ನೂ ಮರೆತು ನೋಡಿದಳು.

"ಪಪ್ಪಾ, ದ್ಯಾ ಇಕಡೆ," ಎಂದು ಮರಾಠಿಯಲ್ಲಿ ಹೇಳಿ ಕೈಯಿಂದ ಕಸಿದುಕೊಂಡಳು. ನಾರನ್ನು ನೀರಿಗೆ ಅದ್ದಿ ಬೆರಳಿಗೆ ಸುತ್ತಿದಳು. ಅಮ್ಮ ಕಟ್ಟುವಾಗ ಪಕ್ಕದಲ್ಲಿ ಕೂತು ಓದುತ್ತಿದ್ದವಳು ಓದಿದ್ದು ಏನೆಂದು ಆಗ ತಿಳಿಯಿತು. ಮಾಲೆ ಗಿಡ್ಡವಾಯಿತು, ಸ್ವಲ್ಪ ಸೊಟ್ಟವೂ ಆಯಿತು.

ಮರುದಿನ ಅದು ಪಟವೇರಿತು. ಮುಂದಿನ ಶುಕ್ರವಾರ ಇಳಿಸಿಕೊಂಡು ಕಮಲಾಕ್ಷ ಗುಂಡಿಯ ಬಳಿ ಹೋದಾಗ ಹುಲಗಪ್ಪ ಕೈ ಅಡ್ಡ ಹಿಡಿದ. ಗೋಡೆಯ ನೋಟೀಸು ತೋರಿಸಿದ, ನಗದೆ. ಇನ್‌ಚಾರ್ಜ್ ಸಾಹೇಬರು ಒಣಗಿದ ಮಾಲೆಯನ್ನು ಗುತ್ತಿಗೆಯ ಆಳಿನ ಕೈಗೆ ಕೊಟ್ಟು ಪರೀಕ್ಷೆಗೆ ನಿಂತರು. ಹುಲಗಪ್ಪ ಹೂವಿನ ನಡುವೆ ಒಂದು ಕಡೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದ. ನಾರು ತುಂಡಾಯಿತು.

"ಹರೀತೈತ್ರಿ," ಎಂದ. "ಹಾಕ್ರಿ."

ಕಮಲಾಕ್ಷ ಹಾಕಿದ. ಮಾಲೆ ಎರಡು ಸುತ್ತು ತಿರುಗಿ ನೊರೆಯಲ್ಲಿ ಮುಳುಗಿತು. ಹನ್ನೊಂದು ದಾಟುವವರೆಗೆ ಅವನು ಯಂತ್ರದ ಕೊನೆಯಲ್ಲಿ ನಿಂತು ಕಂದು ಹಾಳೆ ಸುತ್ತಿಕೊಳ್ಳುವುದನ್ನು ನೋಡುತ್ತಿದ್ದ. ಅಕ್ಷಯಾಳ ಗಂಟು ಅದರಲ್ಲಿ ಎಲ್ಲಿ ಹಾದುಹೋಯಿತೋ ಕಾಣಲಿಲ್ಲ. ಕಾಣಬಾರದು, ಕಂಡರೆ ಅಲ್ಲೇ ಹರಿಯುತ್ತದೆ. ಒಳಗೆ ಹೋಗಿ ರಿಜಿಸ್ಟರಿನಲ್ಲಿ ಏನೂ ಇಲ್ಲ ಎಂದು ಬರೆದು ಸಹಿ ಹಾಕಿದ.